ಇಬ್ಬರಿಗೆ ಎರಡು ರಾತ್ರಿಯ ವಿಜಯಪುರ

ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲೂಕಿನ ಕನ್ನಡ ಮನೆಗಳಲ್ಲಿ ಹೊಸದಾಗಿ ಮದುವೆಯಾದವರ ಮೊದಲ ಪ್ರಯಾಣವೆಂದರೆ ಇಂದಿಗೂ ದೇವರ ದರ್ಶನವೇ ಆಗಿದ್ದು, ತುಳಜಾಪುರದ ಭವಾನಿ, ಪಂಢರಪುರದ ವಿಠ್ಠಲ, ಗಾಣಗಾಪುರದ ದತ್ತಾತ್ರೇಯ, ಸೊಲ್ಲಾಪುರದ ಸಿದ್ಧರಾಮ ಇವರಲ್ಲಿ ಯಾರಿಗೆ ಮೊದಲ ಕಾಯಿ ಒಡೆಯಬೇಕೆಂಬುದನ್ನು ಆಯಾ ಮನೆತನದ ಕುಲಾಚಾರ ನಿರ್ಧರಿಸುತ್ತದೆ. ಹರಕೆಯ ಹಂಗಿಲ್ಲದೆ, ಬೀಗರ ಮನೆಯ ವಸತಿಯಿಲ್ಲದೆ, ಗಂಡಹೆಂಡತಿ ಇಬ್ಬರೇ ಎರಡು ಮೂರು ದಿನ ಒಂದು ಹಳೆಯ ನಗರದಲ್ಲಿ ತಂಗಿ ಬರುವುದು ಈ ಭಾಗಕ್ಕೆ ಹೊಸ ರೂಢಿ. ಹೊಸದಾದ್ದರಿಂದಲೇ ಅದಕ್ಕೆ ಹಿರಿಯರು ಹಾಕಿಕೊಟ್ಟ ದಾರಿಯಿಲ್ಲ, ಮೊಬೈಲಿನಲ್ಲಿ ಸಿಗುವ ಪಟ್ಟಿಗಳೇ ದಾರಿಯಾಗಿಬಿಟ್ಟಿವೆ. ಬೋರಿ ನದಿಯ ಅಣೆಕಟ್ಟಿನಿಂದ ಹೆಸರಾದ ಕುರನೂರದಲ್ಲಿ, ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಹಿರಿಯರೊಬ್ಬರಿಗೂ ಆ ಊರಿಗೆ ಸೊಸೆಯಾಗಿ ಬಂದ ಅವರ ತಮ್ಮನ ಮಗಳಿಗೂ ಈ ವಿಷಯವಾಗಿ ನಡೆದ ಮಾತುಕತೆಯನ್ನು ಗ್ರಂಥದ ಭಾಷೆಗೆ ಒಗ್ಗಿಸಿ ಇಲ್ಲಿ ಕೊಡಲಾಗಿದೆ. ಕಾಲ ಮಳೆಗಾಲದ್ದು, ಹುಡುಗಿಯ ಗಂಡನಿಗೆ ಮುಂದೆ ಚಳಿಗಾಲದಲ್ಲಿ ಒಂದು ಭಾನುವಾರಕ್ಕೆ ಸೇರಿಸಿ ಎರಡು ದಿನದ ರಜೆ ಸಿಗುವುದೆಂಬುದೊಂದೇ ಆಗ ಖಚಿತವಾಗಿದ್ದ ಸಂಗತಿ.

ಯುವತಿ: ಕಾಕಾ, ರೋಮ್ ನಗರವನ್ನು ನೋಡಬೇಕೆಂಬುದು ಇಬ್ಬರ ಆಸೆ. ಯುರೋಪಿನವರು ಶುಕ್ರವಾರ ಸಂಜೆ ವಿಮಾನ ಹತ್ತಿ, ಎರಡು ದಿನ ಹಳೆಯ ಊರೊಂದರಲ್ಲಿ ಸುತ್ತಾಡಿ, ಸೋಮವಾರ ಕೆಲಸಕ್ಕೆ ಮರಳುತ್ತಾರೆ ಎಂದು ಕೇಳಿ ಬಲ್ಲೆವು. ಇಲ್ಲಿಂದ ಹಾಗೆ ಹೋಗಿ ಬರುವುದು ಏಕೆ ಆಗಬಾರದು?

ಹಿರಿಯರು: ಅವರಿಗೆ ರೋಮ್ ಎಂದರೆ ನಿನಗೆ ಸೊಲ್ಲಾಪುರ ಇದ್ದ ಹಾಗೆ, ಮಗಳೇ, ನಡುವೆ ತಡೆಯುವವರಿಲ್ಲ. ಇಲ್ಲಿಂದ ಹೋಗುವವರಿಗೆ ಮೊದಲು ಷೆಂಗೆನ್ ವೀಸಾ ಬೇಕು, ಅಂದರೆ ಯುರೋಪಿನ 29 ದೇಶಗಳು ತಮ್ಮ ನಡುವಿನ ಗಡಿ ತಪಾಸಣೆಯನ್ನು ಬಿಟ್ಟುಕೊಟ್ಟು ಹೊರಗಿನವರಿಗೆ ಒಟ್ಟಾಗಿ ಕೊಡುವ ಪರವಾನಗಿ ಬೇಕು. ಅದನ್ನು ಪ್ರಯಾಣಕ್ಕೆ ಆರು ತಿಂಗಳ ಒಳಗೆ, ತಡವೆಂದರೂ ಹದಿನೈದು ದಿನ ಮುಂಚೆ ಕೇಳಬೇಕು, ಬೆರಳಚ್ಚು ಕೊಡಲು ಮುಂಬಯಿಯಂಥ ನಗರಕ್ಕೆ ಹೋಗಬೇಕು, ತಲಾ 90 ಯೂರೋ ಶುಲ್ಕ ಕಟ್ಟಬೇಕು, ಕಡಿಮೆಯೆಂದರೆ 30,000 ಯೂರೋ ಮೊತ್ತದ ಆರೋಗ್ಯ ವಿಮೆಯನ್ನೂ ಬ್ಯಾಂಕಿನ ಲೆಕ್ಕವನ್ನೂ ತೋರಿಸಬೇಕು. ಇಷ್ಟನ್ನೂ ಮಾಡಿ ಮೂರು ದಿನಕ್ಕೆ ಹೊರಟರೆ ಅದರಲ್ಲಿ ಎರಡು ದಿನ ವಿಮಾನಕ್ಕೇ ಹೋಗುತ್ತವೆ. ರೋಮ್ ಬೇಡವೆಂದಲ್ಲ, ಅದಕ್ಕೆ ಹತ್ತು ಹನ್ನೆರಡು ದಿನ ಒಟ್ಟುಮಾಡಿಕೊಂಡು ಹೋಗಬೇಕು. ಈ ಮೂರು ದಿನಕ್ಕೆ ಹೊಂದುವ ರಾಜಧಾನಿ ವಿಜಯಪುರ.

ಈ ಮಾತಿಗೆ ಯುವತಿ ಎರಡು ಆಕ್ಷೇಪಗಳನ್ನು ಎತ್ತಿದಳು; ಎರಡೂ ಈ ಸೀಮೆಯಲ್ಲಿ ಯಾವ ಮನೆಯಲ್ಲಾದರೂ ಕೇಳಬರುವಂಥವು. ಏಳನೆಯ ತರಗತಿಯ ಶಾಲಾ ಪ್ರವಾಸದಲ್ಲಿ ಗೋಳಗುಮ್ಮಟವನ್ನು ಹತ್ತಿ ಕೂಗಿ ಬಂದಾಗಿದೆ, ಮತ್ತೆ ಅಲ್ಲಿ ನೋಡುವುದೇನಿದೆ ಎಂಬುದು ಮೊದಲನೆಯದು. ಎರಡನೆಯದು ಅವಳ ಅತ್ತೆಯವರದು: ಆ ಊರಿನ ಹೆಸರುವಾಸಿ ಕಟ್ಟಡಗಳೆಲ್ಲ ಗೋರಿಗಳಾಗಿರುವಾಗ, ಕೈಯ ಹಸಿರು ಬಳೆ ಇನ್ನೂ ಹಳೆಯದಾಗದ ಹುಡುಗಿ ಗೋರಿ ನೋಡಲೆಂದು ಗಂಡನ ಜೊತೆ ಹೋಗುವುದು ಚಂದವೇ?

ಹಿರಿಯರು: ಶಾಲಾ ಪ್ರವಾಸ ಮಕ್ಕಳನ್ನು ಎಣಿಸುವ ಕೆಲಸವೇ ಹೊರತು ನೋಡುವ ಕೆಲಸವಲ್ಲ, ನಿವೃತ್ತಿಯವರೆಗೆ ಪ್ರತಿ ಡಿಸೆಂಬರಿನಲ್ಲಿ ಮಕ್ಕಳನ್ನು ಕರೆದೊಯ್ದ ಮಾಸ್ತರನೇ ಹಾಗೆ ಹೇಳಿದರೆ ನಂಬಬೇಕು. ಅತ್ತೆಯವರ ಮಾತು ಮಾತ್ರ ಉತ್ತರ ಕೇಳುವಂಥದ್ದು. ಆ ನಗರದ ಚರಿತ್ರೆ ಯುದ್ಧಗಳಿಂದ ಎಷ್ಟು ಕಟ್ಟಲ್ಪಟ್ಟಿತೋ ಮದುವೆಗಳಿಂದಲೂ ಅಷ್ಟೇ ಕಟ್ಟಲ್ಪಟ್ಟಿತು. ವಿಜಯನಗರದ ವಿರುದ್ಧ ದಖ್ಖಣದ ಸುಲ್ತಾನರು ಒಂದಾಗುವಾಗ, ಅಹಮದನಗರದ ನಿಜಾಮಶಾಹಿ ಮನೆತನದ ಚಾಂದಬೀಬಿಯನ್ನು ವಿಜಯಪುರದ ಒಂದನೆಯ ಅಲಿ ಆದಿಲ್‌ಶಾಹನಿಗೆ ಕೊಟ್ಟು ಮದುವೆ ಮಾಡಲಾಯಿತು. 1565ರ ತಾಳಿಕೋಟೆಯ ಯುದ್ಧಕ್ಕೆ ಮುನ್ನ ನಡೆದ ಆ ಸಂಬಂಧದಲ್ಲಿ ಹೆಣ್ಣಿನ ಕಡೆಯವರು ವರದಕ್ಷಿಣೆಯಾಗಿ ಬಿಟ್ಟುಕೊಟ್ಟದ್ದು ಏನೆಂದು ಬಲ್ಲೆಯಾ?

ಯುವತಿ: ಪಠ್ಯಪುಸ್ತಕದಲ್ಲಿ ಯುದ್ಧದ ಇಸವಿ ಮಾತ್ರ ಇತ್ತು, ಕಾಕಾ.

ಹಿರಿಯರು: ಸೊಲ್ಲಾಪುರದ ಕೋಟೆ. ಎರಡೂ ರಾಜ್ಯಗಳು ದಶಕಗಳ ಕಾಲ ಬಡಿದಾಡಿದ ಆ ನೆಲಕೋಟೆ, ಅಂದರೆ ಗುಡ್ಡದ ಮೇಲಲ್ಲದೆ ಸಮತಟ್ಟಿನ ಮೇಲೆ ಕಂದಕ ತೋಡಿ ಕಟ್ಟಿದ ಕೋಟೆ, ಮದುಮಗಳ ಹಿಂದೆ ದಿಬ್ಬಣದ ಸಾಮಾನಿನಂತೆ ಹೋಯಿತು. ನಿನ್ನ ಅತ್ತೆಯವರು ಸಿದ್ಧರಾಮನ ಗುಡಿಗೆ ಹೋದಾಗಲೆಲ್ಲ ಪಕ್ಕದಲ್ಲೇ ಅದನ್ನು ಕಾಣುತ್ತಾರೆ. ಗಂಡ ತೀರಿಕೊಂಡ ಮೇಲೆ 1580ರಲ್ಲಿ ಪಟ್ಟಕ್ಕೆ ಬಂದ ಬಾಲಕ ಎರಡನೆಯ ಇಬ್ರಾಹಿಮನ ಪರವಾಗಿ ರಾಜ್ಯ ನೋಡಿಕೊಂಡವಳು ಅದೇ ಚಾಂದಬೀಬಿ. ಮುಂದೆ ತವರಿಗೆ ಮರಳಿ ಮೊಗಲರ ಮುತ್ತಿಗೆಯ ಎದುರು ಅಹಮದನಗರವನ್ನು ಕಾದದ್ದೂ, ಕೊನೆಗೆ ತನ್ನವರ ಕೈಯಿಂದಲೇ ಸತ್ತದ್ದೂ ಎಲ್ಲರಿಗೂ ಗೊತ್ತಿರುವ ಕಥೆ. ಅವಳ ಆರೈಕೆಯಲ್ಲಿ ಬೆಳೆದ ಇಬ್ರಾಹಿಮನೇ ಇಬ್ರಾಹಿಂ ರೋಜಾದ ಒಡೆಯ. ರೋಜಾ ಎಂದರೆ ತೋಟದ ನಡುವೆ ಮಸೀದಿಯೊಂದಿಗೆ ಕಟ್ಟಿದ ಸಮಾಧಿ. ಅದನ್ನು ಮೊದಲು ಯೋಚಿಸಿದ್ದು ರಾಣಿ ತಾಜ್ ಸುಲ್ತಾನಳಿಗಾಗಿ, ಆದರೆ 1627ರಲ್ಲಿ ರಾಜನೇ ಮೊದಲು ತೀರಿಕೊಂಡದ್ದರಿಂದ ಅದು ಅವನ ಹೆಸರಿಗೆ ನಿಂತಿತು. ಇಂಥ ಜಾಗಕ್ಕೆ ಗಂಡಹೆಂಡತಿ ಹೋಗುವುದರಲ್ಲಿ ಅಶುಭವೇನೂ ಕಾಣದು. ಬಂದ ಮೇಲೆ ತಲೆಗೆ ನೀರು ಹಾಕಿಕೊಂಡರೆ ಅತ್ತೆಯವರಿಗೂ ಸಮಾಧಾನ.

ಇಲ್ಲಿಂದ ಮಾತು ಕಾಲದ ಕಡೆಗೆ ತಿರುಗಿತು. ಒಕ್ಕಲುತನದ ಮನೆಯಲ್ಲಿ ರಜೆಯನ್ನು ಕಚೇರಿಯೊಂದೇ ಕೊಡುವುದಿಲ್ಲ, ಹೊಲವೂ ಕೊಡಬೇಕು. ಹಿಂಗಾರಿ ಜೋಳದ ಬಿತ್ತನೆ ಮುಗಿದು ದೀಪಾವಳಿ ಕಳೆದ ಮೇಲೆ, ಹೊಲದಲ್ಲೇ ಪೂಜೆಮಾಡಿ ಚರಗ ಚೆಲ್ಲಿ ಉಣ್ಣುವ ಎಳ್ಳಮಾಸಿ ಬರುವ ಮುನ್ನ ಇರುವ ಬಿಡುವೇ ಇಲ್ಲಿಯವರಿಗೆ ಸರಿಯಾದ ಪ್ರವಾಸದ ಕಾಲ. ಬೇಸಿಗೆಯಲ್ಲಂತೂ ವಿಜಯಪುರದ ಬಯಲಿನ ಕಲ್ಲುಹಾಸುಗಳ ಮೇಲೆ ಚಪ್ಪಲಿ ಬಿಟ್ಟು ನಡೆಯುವುದು ಶಿಕ್ಷೆ. ಸಂಕ್ರಾಂತಿಯನ್ನು ಮಾತ್ರ ತಪ್ಪಿಸಬೇಕೆಂದು ಹಿರಿಯರು ಒತ್ತಿ ಹೇಳಿದರು, ಏಕೆಂದರೆ ಸೊಲ್ಲಾಪುರದಲ್ಲಿ ಸಿದ್ಧರಾಮನ ಗಡ್ಡೆಯ ಜಾತ್ರೆ ನಡೆಯುವ ದಿನಗಳಲ್ಲೇ ವಿಜಯಪುರದಲ್ಲೂ ಸಿದ್ಧೇಶ್ವರ ಜಾತ್ರೆ ನಡೆಯುವುದರಿಂದ ಹೊರಡುವ ಊರಿನಲ್ಲಿ ಬಸ್ಸೂ ತಲುಪುವ ಊರಿನಲ್ಲಿ ಕೋಣೆಯೂ ಸಿಗುವುದು ಕಷ್ಟ.

ಯುವತಿ: ಹೋಗುವುದು ರೈಲಿನಲ್ಲೋ ಬಸ್ಸಿನಲ್ಲೋ? ಅಕ್ಕಲಕೋಟ ರೋಡ್ ನಿಲ್ದಾಣ ಹತ್ತಿರವೇ ಇದೆಯಲ್ಲ.

ಹಿರಿಯರು: ಆ ನಿಲ್ದಾಣ ಸೊಲ್ಲಾಪುರದಿಂದ ವಾಡಿಗೆ ಹೋಗುವ ಹಾದಿಯದು, ವಿಜಯಪುರ, ಗದಗಿನ ಕಡೆಗೆ ಹೋಗುವ ಹಾದಿ ಹೊಟಗಿ ಜಂಕ್ಷನ್ನಿನಲ್ಲಿ ಕವಲೊಡೆದು ಭೀಮೆಯನ್ನು ದಾಟುತ್ತದೆ. ಹೊತ್ತು ಹೊಂದಿದರೆ ರೈಲು ಸುಖ, ಹೊಂದದಿದ್ದರೆ ಹೊಟಗಿಯ ಪ್ಲಾಟ್‌ಫಾರ್ಮಿನಲ್ಲೇ ಅರ್ಧ ರಜೆ ಕಳೆಯುತ್ತದೆ. ಸೊಲ್ಲಾಪುರದಿಂದ ಬಸ್ಸಾದರೆ ಸುಮಾರು ನೂರು ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 52. ಟಿಕೆಟಿನ ಲೆಕ್ಕ ಮಾತ್ರ ವಿಚಿತ್ರ. ಮಹಾರಾಷ್ಟ್ರದ ಎಸ್‌ಟಿ ಬಸ್ಸಿನಲ್ಲಿ 2023ರ ಮಾರ್ಚಿನಿಂದ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್, ಆದರೆ ಆ ರಿಯಾಯಿತಿ ರಾಜ್ಯದ ಗಡಿಯವರೆಗೆ. ಅದೇ ವರ್ಷದ ಜೂನಿನಿಂದ ಕರ್ನಾಟಕದ ಬಸ್ಸಿನಲ್ಲಿ ಶಕ್ತಿ ಯೋಜನೆಯಂತೆ ಹೆಣ್ಣುಮಕ್ಕಳಿಗೆ ಟಿಕೆಟ್ಟೇ ಇಲ್ಲ, ಆದರೆ ಅದು ಆ ರಾಜ್ಯದ ನಿವಾಸಿಗಳಿಗೆ ಮಾತ್ರ. ಹೀಗಾಗಿ ಕನ್ನಡದಲ್ಲೇ ಮಾತಾಡುತ್ತ ಕುಳಿತ ಕುರನೂರದ ಸೊಸೆ ಭೀಮೆಯ ಈಚೆಗೆ ಅರ್ಧ, ಆಚೆಗೆ ಪೂರ್ತಿ ಹಣ ಕೊಡುವವಳಾಗುತ್ತಾಳೆ, ಗಡಿಯಾಚೆಯ ಇಂಡಿಯವಳು ತನ್ನ ರಾಜ್ಯದೊಳಗೆ ಅಲ್ಲಿಯ ಬಸ್ಸಿನಲ್ಲಿ ಬಿಟ್ಟಿಯಾಗಿ ಓಡಾಡುತ್ತಾಳೆ. ಗಡಿಯ ವಿಚಾರವಾಗಿ ಸಾಕಷ್ಟು ಭಾಷಣಗಳಾಗಿವೆ, ಕಂಡಕ್ಟರನ ಮಷಿನ್ನಿನಷ್ಟು ಸ್ಪಷ್ಟವಾಗಿ ಅದನ್ನು ಹೇಳಿದವರು ಕಡಿಮೆ.

ಯುವತಿ: ಇರಲಿ. ಮೊಬೈಲಿನ ಪಟ್ಟಿಯಲ್ಲಿ ಒಂದೇ ದಿನಕ್ಕೆ ಹದಿನಾಲ್ಕು ಸ್ಥಳಗಳಿವೆ. ಗೋಳಗುಮ್ಮಟ, ಜುಮ್ಮಾ ಮಸೀದಿ, ಅಸಾರ್ ಮಹಲ್, ಗಗನ ಮಹಲ್, ಬಾರಾ ಕಮಾನ್, ಉಪ್ಪಲಿ ಬುರುಜು, ಮಲಿಕ್-ಎ-ಮೈದಾನ್ ತೋಪು, ಇಬ್ರಾಹಿಂ ರೋಜಾ, ತಾಜ್ ಬಾವಡಿ... ಇವರಿಗಂತೂ ಎಲ್ಲವನ್ನೂ ನೋಡಿ ಮುಗಿಸಬೇಕೆಂಬ ಹಟ.

ಹಿರಿಯರು: ನಿನ್ನ ಗಂಡನ ಹಟಕ್ಕೆ ಆಟೋದವನು ಸಂತೋಷಪಡುತ್ತಾನೆ. ಆ ನಗರವನ್ನು ಹೆಸರುಗಳಿಂದ ಎಣಿಸದೆ ಹೊತ್ತಿನಿಂದ ಹಂಚಿಕೊಳ್ಳಬೇಕು, ಏಕೆಂದರೆ ಅಲ್ಲಿನ ಒಳ್ಳೆಯ ಕಟ್ಟಡಗಳಲ್ಲಿ ಒಂದೊಂದೂ ದಿನದ ಒಂದು ಹೊತ್ತಿನಲ್ಲಿ ಮಾತ್ರ ತನ್ನನ್ನು ಪೂರ್ತಿ ಕೊಡುತ್ತದೆ, ಉಳಿದ ಹೊತ್ತಿನಲ್ಲಿ ಅದು ಬರೀ ಕಲ್ಲುಗಾರೆ. ಗೋಳಗುಮ್ಮಟವನ್ನು ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಬೇಕು, ಅದೂ ಭಾನುವಾರ ಬಿಟ್ಟು. ಅಲ್ಲಿ ನೋಡಬೇಕಾದದ್ದು ಶಬ್ದ. ಶಾಲೆಯ ಬಸ್ಸುಗಳು ಬಂದು ನಿಂತ ಮೇಲೆ ಶಬ್ದವಿರುತ್ತದೆ, ಕೇಳಿಸುವುದಿಲ್ಲ.

ಈ ಕಟ್ಟಡದ ವಿಷಯದಲ್ಲಿ ಹಿರಿಯರು ಉಳಿದೆಲ್ಲಕ್ಕಿಂತ ಹೆಚ್ಚು ಹೊತ್ತು ಮಾತಾಡಿದರು, ಮತ್ತು ಅದು ನ್ಯಾಯವೂ ಆಗಿತ್ತು. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹನ ಈ ಸಮಾಧಿಯ ಒಳಗೆ ಸುಮಾರು 41 ಮೀಟರ್ ಬದಿಯ ಒಂದೇ ಒಂದು ಚೌಕ ಕೋಣೆಯಿದ್ದು, ಅದರ ಮೇಲೆ ಒಳಗಿನ ಅಳತೆಯಲ್ಲಿ ಸುಮಾರು 38 ಮೀಟರ್ ಅಡ್ಡಗಲದ ಗುಮ್ಮಟ ಕುಳಿತಿದೆ. ಚೌಕದ ಮೇಲೆ ದುಂಡನ್ನು ಕೂರಿಸುವುದು ಕಟ್ಟಡ ವಿದ್ಯೆಯ ಹಳೆಯ ತೊಡಕು. ರೋಮಿನ ಪ್ಯಾಂಥಿಯನ್ ದೇವಾಲಯದವರು ಕೆಳಗಿನ ಗೋಡೆಯನ್ನೇ ದುಂಡಾಗಿ ಕಟ್ಟಿ ಆ ತೊಡಕಿನಿಂದ ಪಾರಾದರು, ಸುಮಾರು 43 ಮೀಟರ್ ಅಗಲದ ಅವರ ಗುಮ್ಮಟ ಇಂದಿಗೂ ನಿಂತಿದೆ. ವಿಜಯಪುರದವರು ಗೋಡೆಯನ್ನು ಚೌಕವಾಗಿಯೇ ಬಿಟ್ಟು, ಒಂದನ್ನೊಂದು ಅಡ್ಡಹಾಯುವ ಎಂಟು ಕಮಾನುಗಳನ್ನು ಎಬ್ಬಿಸಿದರು: ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು ಓರೆಯಾಗಿ ಇಟ್ಟರೆ ನಡುವೆ ಎಂಟು ಮೂಲೆಯ ಕಿಂಡಿ ಉಳಿಯುವಂತೆ ಈ ಕಮಾನುಗಳ ನಡುವೆ ಉಳಿದ ಕಿಂಡಿಯ ಮೇಲೆ ಗುಮ್ಮಟ ಬಂತು. ಕಮಾನುಗಳ ಸಂದಿನಿಂದ ಒಳಕ್ಕೆ ಚಾಚಿಕೊಂಡ ಗಾರೆಕಲ್ಲಿನ ಭಾರ, ಹೊರಕ್ಕೆ ಜಾರಲು ನೋಡುವ ಗುಮ್ಮಟದ ಒತ್ತಡವನ್ನು ಹಿಡಿದೆಳೆಯುತ್ತದೆ. ಕಂಬಗಳಿಲ್ಲದೆ ಒಂದೇ ಗುಮ್ಮಟದ ಅಡಿಯಲ್ಲಿ ಸುಮಾರು 1,700 ಚದರ ಮೀಟರ್ ಜಾಗವನ್ನು ಮುಚ್ಚಿದ ಈ ಕೋಣೆ, ನೆಲದ ಅಳತೆಯಲ್ಲಿ ಪ್ಯಾಂಥಿಯನ್ನನ್ನು ಮೀರಿಸುತ್ತದೆ.

ಯುವತಿ: ಅಂದರೆ ರೋಮಿಗಿಂತ ದೊಡ್ಡದು ಎಂದು ಹೇಳಿ ಸಮಾಧಾನ ಮಾಡುತ್ತಿದ್ದೀರಿ.

ಹಿರಿಯರು: ಅಲ್ಲ, ಅವ್ವಾ. ಗುಮ್ಮಟದ ಅಗಲದಲ್ಲಿ ರೋಮಿನದೇ ದೊಡ್ಡದು, ವಯಸ್ಸಿನಲ್ಲಿ ಸಾವಿರದ ಐನೂರು ವರ್ಷ ಹಿರಿದು. ಯಾವುದು ದೊಡ್ಡದು ಎಂಬ ಜಗಳ ಮಾರ್ಗದರ್ಶಿಗಳ ಹೊಟ್ಟೆಪಾಡು; ಒಂದನ್ನು ಕಣ್ಣಾರೆ ಓದಿಕೊಂಡವರಿಗೆ ಇನ್ನೊಂದು ಬೇಗ ಅರ್ಥವಾಗುತ್ತದೆ ಎಂಬುದಷ್ಟೇ ಇಲ್ಲಿ ಹೇಳಬೇಕಾದದ್ದು. ಮೂಲೆಯ ಗೋಪುರದೊಳಗಿನ ಇಕ್ಕಟ್ಟು ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಿ, ಗುಮ್ಮಟದ ಬುಡದಲ್ಲಿ ಒಳಸುತ್ತಿಗೆ ಹಾಯ್ದ ಜಗುಲಿಗೆ ಬರಬೇಕು. ಅದನ್ನೇ ಪಿಸುಮಾತಿನ ಗ್ಯಾಲರಿ ಎನ್ನುತ್ತಾರೆ. ನೀನು ಒಂದು ತುದಿಗೆ, ಅವನು ಎದುರು ತುದಿಗೆ ಗೋಡೆಯ ಕಡೆ ಮುಖಮಾಡಿ ಕೂರಬೇಕು. ಕೂಗಿದರೆ ಮಾತು ಹಲವು ಸಲ ಮರಳಿ ಒಂದರ ಮೇಲೊಂದು ಬಿದ್ದು ಗದ್ದಲವಾಗುತ್ತದೆ. ಮೆಲ್ಲಗೆ ಆಡಿದ ಮಾತು ಬಾಗಿದ ಗೋಡೆಗೆ ಅಂಟಿಕೊಂಡು ಸುತ್ತಿ ಹೋಗಿ ಎದುರಿನವನ ಕಿವಿಯಲ್ಲೇ ಇಳಿಯುತ್ತದೆ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನಲ್ಲೂ ಇಂಥದೇ ಗ್ಯಾಲರಿಯಿದ್ದು, ಶಬ್ದದ ಅಲೆಗಳು ನಡುವಿನ ಬಯಲನ್ನು ಹಾಯದೆ ಗೋಡೆಯ ಬಾಗನ್ನೇ ಹಿಡಿದು ತೆವಳುತ್ತವೆ ಎಂದು ಭೌತಶಾಸ್ತ್ರಜ್ಞ ಲಾರ್ಡ್ ರೇಲೀ ವಿವರಿಸಿದ್ದು ಅದನ್ನು ನೋಡಿಯೇ. ಕೂಡುಮನೆಯಲ್ಲಿ ಇರುವವರಿಗೆ ಇಂಥ ಅನುಕೂಲ ಬೇರೆಲ್ಲೂ ಸಿಗುವುದಿಲ್ಲ.

ಯುವತಿ ನಕ್ಕಳಾದರೂ ಪ್ರಶ್ನೆಯನ್ನು ಬಿಡಲಿಲ್ಲ. ಕೆಳಗಿನ ಕಟ್ಟೆಯ ಮೇಲೆ ಸಾಲಾಗಿರುವ ಗೋರಿಗಳು ಯಾರವೆಂದು ಕೇಳಿದಳು. ಅಲ್ಲಿರುವುವು ಸುಲ್ತಾನನ, ಅವನ ಇಬ್ಬರು ಪತ್ನಿಯರ, ನರ್ತಕಿ ರಂಭೆಯ, ಒಬ್ಬ ಮಗಳ ಮತ್ತು ಮೊಮ್ಮಗನ ಗುರುತುಗಳು ಮಾತ್ರವಾಗಿದ್ದು, ನಿಜವಾದ ಸಮಾಧಿಗಳು ಅವುಗಳ ಕೆಳಗಿನ ನೆಲಮಾಳಿಗೆಯಲ್ಲಿವೆ. ಎದುರಿನ ನಗಾರಖಾನೆಯಲ್ಲಿ, ಅಂದರೆ ನಗಾರಿ ಬಾರಿಸುವವರಿಗೆಂದು ಕಟ್ಟಿದ ಮಹಡಿಯಲ್ಲಿ ಈಗ ವಸ್ತುಸಂಗ್ರಹಾಲಯವಿದೆ. ಅದಕ್ಕೆ ಶುಕ್ರವಾರ ರಜೆ.

ಯುವತಿ: ಹಾಗಾದರೆ ಭಾನುವಾರ ಊಟ ಮಾಡಿ ಹೊರಟು ಸಂಜೆಯ ಹೊತ್ತಿಗೆ ತಲುಪುವುದು, ಸೋಮವಾರ ಬೆಳಿಗ್ಗೆ ಗೋಳಗುಮ್ಮಟ. ಸಂಜೆ?

ಹಿರಿಯರು: ಮಧ್ಯಾಹ್ನ ಯಾವುದಾದರೂ ಖಾನಾವಳಿಯಲ್ಲಿ ರೊಟ್ಟಿ ಎಣ್ಣೆಗಾಯಿ ಉಂಡು ಮಲಗಬೇಕು. ಇಬ್ಬರ ಪ್ರವಾಸದಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಮಧ್ಯಾಹ್ನ ಎರಡರಿಂದ ನಾಲ್ಕರ ನಡುವೆ, ಬಿಸಿಲಲ್ಲಿ, ಐದನೆಯ ಸ್ಮಾರಕದ ಮುಂದೆ. ನಾಲ್ಕಕ್ಕೆ ಎದ್ದು ಊರಿನ ಪಶ್ಚಿಮಕ್ಕೆ ಹೋಗಬೇಕು. ಅಲ್ಲಿ ಕೋಟೆಯ ಒಳಗೆ ತಾಜ್ ಬಾವಡಿ, ಹೊರಗೆ ಸ್ವಲ್ಪ ದೂರದಲ್ಲಿ ಇಬ್ರಾಹಿಂ ರೋಜಾ. ಬಾವಡಿಯೂ ತಾಜ್ ಸುಲ್ತಾನಳ ಹೆಸರಿನದೇ: ದೊಡ್ಡದೊಂದು ಕಮಾನಿನ ಅಡಿಯಿಂದ ಮೆಟ್ಟಿಲಿಳಿದು ಹೋಗುವ ಚೌಕ ಬಾವಿ, ಸುತ್ತ ದಾರಿಹೋಕರಿಗೆ ತಂಗುವ ಪಡಸಾಲೆ. ರೋಜಾದಲ್ಲಿ ಎತ್ತರದ ಒಂದೇ ಜಗಲಿಯ ಮೇಲೆ ಪೂರ್ವಕ್ಕೆ ಸಮಾಧಿ, ಪಶ್ಚಿಮಕ್ಕೆ ಮಸೀದಿ, ನಡುವೆ ನೀರಿನ ಕೊಳ. ಸಮಾಧಿಯ ಗೋಡೆಗಳಲ್ಲಿ ಅಕ್ಷರಗಳನ್ನೇ ಜಾಲರಿಯಾಗಿ ಕೊರೆದ ಕಿಟಕಿಗಳಿವೆ, ಅವುಗಳ ಮೂಲಕವೇ ಒಳಗೆ ಬೆಳಕು ಬರಬೇಕು. ಒಳಗೆ ನಿಂತು ಮೇಲೆ ನೋಡುವುದನ್ನು ಮರೆಯಬೇಡ: ನಲವತ್ತು ಅಡಿ ಚೌಕದ ಕೋಣೆಗೆ ನಾಲ್ಕೂ ಗೋಡೆಗಳಿಂದ ಹತ್ತತ್ತು ಅಡಿ ಬಾಗಿ ಚಾಚಿದ ಕಲ್ಲು, ನಡುವೆ ಉಳಿದ ಇಪ್ಪತ್ತು ಅಡಿಗೆ ತೊಲೆಯಿಲ್ಲದ, ಕಮಾನಿಲ್ಲದ ಚಪ್ಪಟೆ ಕಲ್ಲಿನ ಚಾವಣಿ. ಯಾವ ಆಧಾರವೂ ಕಣ್ಣಿಗೆ ಕಾಣುವುದಿಲ್ಲ. ಮಲಿಕ್ ಸಂದಲ್ ಎಂಬುವನ ಉಸ್ತುವಾರಿಯಲ್ಲಿ ಆದ ಈ ಕೆಲಸವನ್ನು ದಕ್ಷಿಣದ ತಾಜಮಹಲ್ ಎಂದು ಕರೆಯುವುದು ರೂಢಿಯಾಗಿದೆ. ತಾಜಮಹಲಿಗಿಂತ ಮೊದಲು ಕಟ್ಟಿದ್ದನ್ನು ಅದರ ಹೆಸರಿನಿಂದ ಏಕೆ ಕರೆಯಬೇಕೋ ತಿಳಿಯದು.

ಯುವತಿ: ಯುರೋಪಿನ ನಗರದ ನಂಟು ಇಲ್ಲಿ ಏನಾದರೂ ಇದೆಯೇ? ಇವರಿಗೆ ಹೇಳಿ ಒಪ್ಪಿಸಲು ಅಷ್ಟಾದರೂ ಬೇಕು.

ಹಿರಿಯರು: ಬೇಕಾದಷ್ಟಿದೆ. ಇಂದು ಜಗತ್ತಿನ ದಂಪತಿಗಳೆಲ್ಲ ಹಂಬಲಿಸುವ ಪ್ರಾಗ್ ನಗರದಲ್ಲಿ ಚಕ್ರವರ್ತಿ ಎರಡನೆಯ ರುಡಾಲ್ಫನ ಆಶ್ರಯದಲ್ಲಿದ್ದ ಹಾರ್ಲೆಮ್ ಊರಿನ ಚಿತ್ರಕಾರ ಕಾರ್ನೆಲಿಸ್ ಕ್ಲಾಸ್ ಹೇಡಾ, ಹದಿನೇಳನೆಯ ಶತಮಾನದ ಆರಂಭದಲ್ಲಿ ಇಬ್ರಾಹಿಮನ ಆಸ್ಥಾನಕ್ಕೆ ಬಂದು, ಕೊನೆಯವರೆಗೂ ಇಲ್ಲೇ ಉಳಿದ. ದಖ್ಖಣಿ ಭಾಷೆಯಲ್ಲಿ ಹಾಡು ಕಟ್ಟಿ, ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದ ಆ ರಾಜನ ಬಳಿ ಬಣ್ಣ ಬಲ್ಲವರಿಗೆ, ಸಂಗೀತ ಬಲ್ಲವರಿಗೆ ಜಾಗವಿತ್ತು. ಪ್ರಾಗ್ ಬಿಟ್ಟು ವಿಜಯಪುರಕ್ಕೆ ಬಂದವನೊಬ್ಬನಿದ್ದ ಎಂದು ನಿನ್ನ ಗಂಡನಿಗೆ ಹೇಳು.

ತೋಪನ್ನು ನೋಡುವ ವಿಷಯದಲ್ಲಿ ಇಬ್ಬರಲ್ಲಿ ಒಮ್ಮತ ಬರಲಿಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದು, ಪರಾಂಡಾ ಕೋಟೆಯಲ್ಲಿಟ್ಟು, 1632ರಲ್ಲಿ ವಿಜಯಪುರಕ್ಕೆ ಎಳೆತಂದ ಮಲಿಕ್-ಎ-ಮೈದಾನ್ ಸುಮಾರು 55 ಟನ್ ತೂಗುತ್ತದೆ. ಅದರ ಬಾಯಿ ಆನೆಯನ್ನು ಕಚ್ಚಿದ ಸಿಂಹದ್ದು. ಅಷ್ಟು ಭಾರವನ್ನು ಹೇಗೆ ಎಳೆದರೆಂಬುದು ಗಂಡಸರಿಗೆ ಬಿಡದ ಪ್ರಶ್ನೆಯಾದ್ದರಿಂದ ರೋಜಾಕ್ಕೆ ಹೋಗುವ ದಾರಿಯಲ್ಲಿ ಹತ್ತು ನಿಮಿಷ ಅದಕ್ಕೆ ಬಿಡಲು ಯುವತಿ ಒಪ್ಪಿದಳು, ಹಿರಿಯರು ಮಾತ್ರ ಒಪ್ಪಲಿಲ್ಲ. ಮಂಗಳವಾರದ ಬೆಳಗು ಜುಮ್ಮಾ ಮಸೀದಿಗೂ, ಮುಗಿಯದೆ ಉಳಿದ ಕಮಾನುಗಳ ಬಾರಾ ಕಮಾನಿಗೂ ಮೀಸಲಾಯಿತು. ವಸತಿಗೆ ಕರ್ನಾಟಕ ಪ್ರವಾಸೋದ್ಯಮ ನಿಗಮದ ಮಯೂರ ಆದಿಲ್‌ಶಾಹಿ ಇದ್ದು, ಎಲ್ಲಿ ಇಳಿದರೂ ಇಬ್ಬರ ಆಧಾರ್ ಕಾರ್ಡೂ ಕೈಯಲ್ಲಿರಬೇಕು.

ಯುವತಿ: ನಳದುರ್ಗವನ್ನೂ ಇದರಲ್ಲೇ ಸೇರಿಸಿದರೆ? ಅದೂ ಆದಿಲ್‌ಶಾಹಿಯವರದೇ ಅಲ್ಲವೇ?

ಹಿರಿಯರು: ದಿಕ್ಕೇ ಬೇರೆ, ಕಾಲವೂ ಬೇರೆ. ನಳದುರ್ಗ ಇಲ್ಲಿಂದ ಉತ್ತರಕ್ಕೆ, ಬೋರಿ ನದಿಯ ಮೇಲ್ಗಡೆ. ಇಬ್ರಾಹಿಮನ ಕಾಲದಲ್ಲಿ ಆ ನದಿಗೆ ಕೋಟೆಯೊಳಗೇ ಅಡ್ಡಗಟ್ಟೆ ಹಾಕಿ, ಗಟ್ಟೆಯ ಹೊಟ್ಟೆಯಲ್ಲಿ ಪಾನೀಮಹಲ್ ಎಂಬ ಕೋಣೆಗಳನ್ನು ಕಟ್ಟಿದರು. ನೀರು ತುಂಬಿ ಬಂದಾಗ ಗಟ್ಟೆಯ ಎರಡು ಕಿಂಡಿಗಳಿಂದ ಧುಮುಕುವ ಧಾರೆಗಳಿಗೆ ಜನ ನರ, ಮಾದಿ ಎಂದು ಹೆಸರಿಟ್ಟಿದ್ದಾರೆ, ಅಂದರೆ ಗಂಡು, ಹೆಣ್ಣು. ಕೋಣೆಯ ಕಿಟಕಿಯಲ್ಲಿ ಕುಳಿತವರಿಗೆ ಆ ನೀರು ಹೊರಗಿನಿಂದ ಹಾಕಿದ ಪರದೆಯಂತೆ ಕಾಣುತ್ತದೆ. 1853ರಿಂದ ಆ ಜಿಲ್ಲೆಯ ಆಡಳಿತ ನೋಡಿದ, ಮುಂದೆ ಚಾಂದಬೀಬಿಯ ಮೇಲೆ ಕಾದಂಬರಿ ಬರೆದ ಮೆಡೋಸ್ ಟೇಲರ್ ಕೂಡ ಅಲ್ಲೇ ವಾಸವಾಗಿದ್ದವನು. ಚಳಿಗಾಲದಲ್ಲಿ ಹೋದರೆ ಒಣ ಕಿಂಡಿ ನೋಡಿ ಬರಬೇಕಾಗುತ್ತದೆ. ಅಲ್ಲಿ ಹರಿದ ನೀರೇ ಇಲ್ಲಿಯ ಅಣೆಕಟ್ಟಿಗೆ ಬರುವುದರಿಂದ, ಕುರನೂರದ ಕೆರೆಯಲ್ಲಿ ನೀರು ಏರತೊಡಗಿದ ದಿನ ಹೊರಟರೆ ತಪ್ಪುವುದಿಲ್ಲ. ಅದಕ್ಕೆ ಯಾವ ಮೊಬೈಲೂ ಬೇಕಾಗದು.

ಯುವತಿ: ನಳದುರ್ಗದಿಂದ ತುಳಜಾಪುರ ಎಷ್ಟು ದೂರ?

ಹಿರಿಯರು: ಮೂವತ್ತು ಕಿಲೋಮೀಟರಿನ ಆಸುಪಾಸು.

ಯುವತಿ: ಹಾಗಾದರೆ ಸರಿಹೋಯಿತು, ಕಾಕಾ. ಈ ಮಳೆಗಾಲದಲ್ಲೇ ಮನೆಯವರೆಲ್ಲ ಕೂಡಿ ಭವಾನಿಗೆ ಕಾಯಿ ಒಡೆಸಿಕೊಂಡು, ಬರುವಾಗ ನಳದುರ್ಗದ ನೀರು ನೋಡಿ ಬರುವುದು. ಮೊದಲ ದರ್ಶನ ದೇವಿಯದೇ ಆಯಿತೆಂದ ಮೇಲೆ ಚಳಿಗಾಲದ ಪ್ರವಾಸಕ್ಕೆ ಅತ್ತೆಯವರು ಅಡ್ಡ ಬರಲಾರರು. ಅವರ ಮುಂದೆ ವಿಜಯಪುರದ ಮಾತು ಎತ್ತುವವರು ಮಾತ್ರ ನೀವೇ ಆಗಬೇಕು.

ಹಿರಿಯರು: ಎತ್ತೋಣ, ಜೀಪು ತುಳಜಾಪುರದಿಂದ ಮರಳಿ ಮನೆ ಮುಟ್ಟಿದ ಮೇಲೆ, ಚಹಾ ಆದ ಮೇಲೆ. ಕೋಣೆಯನ್ನು ಮಾತ್ರ ಅದಕ್ಕೂ ಮೊದಲೇ ಹಿಡಿದಿಡಲು ನಿನ್ನ ಗಂಡನಿಗೆ ಹೇಳು. ಡಿಸೆಂಬರಿನಲ್ಲಿ ಅಲ್ಲಿ ಕೋಣೆಗಳು ಬೇಗ ತುಂಬುತ್ತವೆ.